ರಾಣಿ ಯಾಕೆ ಮುನಿದಳು?

ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಸಾಕಾಗಿ, ಬೆಂಗಳೂರಿನ ಹೊರವಲಯದ ಒಂದು ಕುದುರೆ ಸವಾರಿ ಶಾಲೆಗೆ ಸೇರಿದ್ದೆ. ಪ್ರತಿ ಭಾನುವಾರ ನನಗೆ ಕೊಡುತ್ತಿದ್ದದ್ದು ರಾಣಿ ಅನ್ನೋ ಕಂದು ಬಣ್ಣದ ಹೆಣ್ಣು ಕುದುರೆ. ಮೊದಲ ಮೂರು ತಿಂಗಳು ಹೇಳಿದ ಹಾಗೆ ಕೇಳಿದಳು. ಆಮೇಲೆ ಶುರುವಾಯ್ತು ನೋಡಿ. ಎಡಕ್ಕೆ ಲಗಾಮು ಎಳೆದರೆ ತಲೆ ಮೇಲಕ್ಕೆ ಒಗೆಯೋದು, ಕಡಿವಾಣ ಹಾಕಲು ಹೋದರೆ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರೋದು.

"ಸೊಕ್ಕು ಸಾರ್, ಎರಡು ಬಿಗೀರಿ" ಅಂದರು ತರಬೇತುದಾರರು. ನಾನೂ ಚಾವಟಿಯಿಂದ ಬಿಗಿದೆ. ಹೀಗೇ ಆದರೆ ಮದುವೆ ಮೆರವಣಿಗೆಯವರಿಗೆ ಮಾರಿಬಿಡೋಣ ಅನ್ನೋ ಮಾತೂ ಬಂತು.

ಅವಳನ್ನು ಉಳಿಸಿದ್ದು ಲಾಯ ನೋಡಿಕೊಳ್ಳುವ ಅಜ್ಜ. ಒಂದು ದಿನ ನೆಲದಲ್ಲಿ ಬಿದ್ದಿದ್ದ ಹುಲ್ಲಿನ ಒದ್ದೆ ಉಂಡೆ ಎತ್ತಿ ತೋರಿಸಿ, "ಇದು ಅರ್ಧ ಅಗಿದು ಉಗೀತಾ ಇದೆ ಸಾರ್. ಬಾಯಿ ನೋಡಿಸಿ" ಅಂದರು. ಪಶುವೈದ್ಯರ ಖರ್ಚು ಯಾರು ಕೊಡೋದು ಅಂತ ಒಂದು ವಾರ ಚರ್ಚೆಯಾಯಿತು, ಅದು ಬೇರೆ ಕಥೆ.

ವೈದ್ಯರು ಬಾಯಿ ಅಗಲಿಸಿ ಟಾರ್ಚ್ ಹಾಕಿ ತೋರಿಸಿದರು. ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಚಾಕುವಿನ ಹಾಗಿತ್ತು, ಎಡಗೆನ್ನೆಯ ಒಳಗೆ ಹುಣ್ಣು. ಕುದುರೆಯ ಹಲ್ಲು ವರ್ಷಗಟ್ಟಲೆ ಒಸಡಿನಿಂದ ಮೇಲೆ ಬರುತ್ತಲೇ ಇರುತ್ತೆ, ಅಗಿಯುವಾಗ ಸವೆಯುತ್ತಲೂ ಇರುತ್ತೆ. ಆದರೆ ಮೇಲ್ದವಡೆ ಕೆಳದವಡೆಗಿಂತ ಅಗಲ. ಹಾಗಾಗಿ ಮೇಲಿನ ಹಲ್ಲುಗಳ ಹೊರ ಅಂಚು, ಕೆಳಗಿನವುಗಳ ಒಳ ಅಂಚು ಸರಿಯಾಗಿ ಸವೆಯದೆ ಚೂಪಾಗ್ತವೆ. ಲಗಾಮು ಎಳೆದಾಗ ಕೆನ್ನೆ ಆ ಚೂಪಿಗೇ ಒತ್ತುತ್ತೆ. ನಾನು ಎಡಕ್ಕೆ ಎಳೆದಾಗಲೆಲ್ಲ ಹುಣ್ಣಿನ ಮೇಲೆ ಎಳೆದಿದ್ದೆ! ನಮ್ಮ ಕೆಲಸದಲ್ಲೂ ಹೀಗೇ, ಎರರ್ ಒಂದು ಕಡೆ ಕಾಣುತ್ತೆ, ಬಗ್ ಇನ್ನೆಲ್ಲೋ ಇರುತ್ತೆ. ಕಂಪ್ಯೂಟರಿಗೆ ಚಾವಟಿಯಲ್ಲಿ ಹೊಡೆಯೋದಿಲ್ಲ, ಅಷ್ಟೇ ವ್ಯತ್ಯಾಸ.

ಕುದುರೆ ಬೇಟೆಗೆ ಸಿಗುವ ಪ್ರಾಣಿ. ಕಾಡಿನಲ್ಲಿ ನೋವು ತೋರಿಸಿಕೊಂಡರೆ ಹುಲಿ, ತೋಳದ ಕಣ್ಣಿಗೆ ಬೀಳುತ್ತೆ ಅಂತ ಸಾಧ್ಯವಾದಷ್ಟೂ ಮುಚ್ಚಿಡುತ್ತೆ. ಹೊರಗೆ ಬರುವಾಗ ಅದು ನಮಗೆ ಹಟ, ಸಿಟ್ಟು, ಸೋಮಾರಿತನದ ಹಾಗೆ ಕಾಣುತ್ತೆ. ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು ಸವಾರಿಯ ವೇಳೆ ಗಮನಿಸಬೇಕಾದ 24 ವರ್ತನೆಗಳ ಪಟ್ಟಿ ಮಾಡಿದ್ದಾರೆ. ಐದು ಸೆಕೆಂಡಿಗೂ ಹೆಚ್ಚು ಹೊತ್ತು ಕಿವಿ ಹಿಂದಕ್ಕಿಡುವುದು, ಪದೇ ಪದೇ ಬಾಲ ಬೀಸುವುದು, ಮುಗ್ಗರಿಸುವುದು ಅಂಥವು. 8 ಅಥವಾ ಹೆಚ್ಚು ಕಂಡರೆ ಮೂಳೆ-ಸ್ನಾಯುಗಳಲ್ಲಿ ನೋವಿರುವ ಸಂಭವ ಜಾಸ್ತಿ.

ಹೊಟ್ಟೆಯದೂ ಇಂಥದೇ ಕಥೆ. ಕುದುರೆಯ ಜಠರದಲ್ಲಿ ಆಮ್ಲ ಸದಾ ಸ್ರವಿಸುತ್ತೆ, ಖಾಲಿ ಇದ್ದರೂ. ಇಡೀ ದಿನ ಮೇಯುವ ಪ್ರಾಣಿಯನ್ನು ಗಂಟೆಗಟ್ಟಲೆ ಹುಲ್ಲಿಲ್ಲದೆ ಲಾಯದಲ್ಲಿ ಕಟ್ಟಿದರೆ ಹುಣ್ಣಾಗಬಹುದು. ಆಮೇಲೆ ಜೀನಿನ ಪಟ್ಟಿ ಬಿಗಿಯುವಾಗ ತಿರುಗಿ ಕಚ್ಚಿತು ಅಂತ ಬೈಯುತ್ತೇವೆ. ಜೀನೇ ಬೆನ್ನಿಗೆ ಹೊಂದದೆ ಒತ್ತುವುದಂತೂ ಸಾಮಾನ್ಯ.

ರಾಣಿಗೆ ಮಂಪರಿನ ಚುಚ್ಚುಮದ್ದು ಕೊಟ್ಟು ಹಲ್ಲಿನ ಅಂಚನ್ನು ಅರದಿಂದ ಉಜ್ಜಿದರು. ಹುಣ್ಣು ಮಾಯುವವರೆಗೆ ಕಡಿವಾಣ ಹಾಕಲಿಲ್ಲ. ಮತ್ತೆ ಹಾಕಿದ ದಿನ ನೋವಿಲ್ಲದಿದ್ದರೂ ಕಿವಿ ಮಡಚಿದಳು. ಅಜ್ಜ ದಿನಾ ಬೆಲ್ಲದ ಚೂರು ತೋರಿಸಿ, ಬಾಯಿ ಮುಟ್ಟಿ, ನಿಧಾನಕ್ಕೆ ಅಭ್ಯಾಸ ಮಾಡಿಸಿದರು. ಮಾರುವ ಮಾತು ನಿಂತಿದೆ. ಈಗ ಎಡಕ್ಕೂ ತಿರುಗ್ತಾಳೆ. ನಾನು ಬಲಗೈ ಬೀಸಿ ಎತ್ತಿದರೆ ಮಾತ್ರ ಇನ್ನೂ ಬೆಚ್ಚಿ ಪಕ್ಕಕ್ಕೆ ಸರೀತಾಳೆ. ಚಾವಟಿ ಹಿಡಿದಿದ್ದು ಅದೇ ಕೈ.