ಐವತ್ತರ ನಂತರ 47 ಪ್ರಶಸ್ತಿ: ದಣಿಯದ ಗಾಲ್ಫರ್ ಲ್ಯಾಂಗರ್

ಕ್ರಿಕೆಟ್‌ನಲ್ಲಿ ಮೂವತ್ತೈದು ದಾಟಿದ ಆಟಗಾರನ ಸುತ್ತ ನಿವೃತ್ತಿಯ ಮಾತು ಕೇಳಿಬರಲಾರಂಭಿಸುತ್ತದೆ. ಫುಟ್‌ಬಾಲ್‌, ಟೆನಿಸ್‌ ಆಟಗಾರರಿಗಂತೂ ಆ ಮಾತು ಇನ್ನೂ ಬೇಗ ಎದುರಾಗುತ್ತದೆ. ಆದರೆ ಗಾಲ್ಫ್‌ನಲ್ಲಿ ಐವತ್ತನೆಯ ಹುಟ್ಟುಹಬ್ಬವೆಂದರೆ ಮತ್ತೊಂದು ಬಾಗಿಲು ತೆರೆಯುವ ದಿನ. ಆ ಬಾಗಿಲಿನಿಂದ ಒಳಹೋದವರು ನೂರಾರು ಮಂದಿ. ಅಲ್ಲಿ ಹದಿನೇಳು ವರ್ಷಗಳ ಕಾಲ ಗೆಲ್ಲುತ್ತಲೇ ಹೋದವರು ಮಾತ್ರ ಒಬ್ಬರೇ. ಅವರು ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್.

2024ರ ನವೆಂಬರ್‌ನಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಹಿರಿಯರ ಸರಣಿಯ ಋತುವಿನ ಕೊನೆಯ ಪಂದ್ಯಾವಳಿ ನಡೆಯಿತು. ಅಂತಿಮ ಕುಳಿಯಲ್ಲಿ ಸುಮಾರು 30 ಅಡಿ ದೂರದಿಂದ ಚೆಂಡನ್ನು ಒಳಗಿಳಿಸಿದ ಲ್ಯಾಂಗರ್ ಕೇವಲ ಒಂದು ಹೊಡೆತದ ಅಂತರದಲ್ಲಿ ಪ್ರಶಸ್ತಿ ತಮ್ಮದಾಗಿಸಿಕೊಂಡರು. ಆಗ ಅವರಿಗೆ 67 ವರ್ಷ. ಈ ಸರಣಿಯಲ್ಲಿ ಅದು ಅವರ 47ನೇ ಗೆಲುವು. 2007ರಿಂದ 2024ರವರೆಗೆ ಸತತ 18 ಋತುಗಳಲ್ಲಿ ಕನಿಷ್ಠ ಒಂದಾದರೂ ಪ್ರಶಸ್ತಿ ಗೆದ್ದ ದಾಖಲೆ ಅಂದು ಪೂರ್ಣಗೊಂಡಿತು. ಅದೇ ವರ್ಷದ ಆರಂಭದಲ್ಲಿ ಅವರ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದು ಶಸ್ತ್ರಚಿಕಿತ್ಸೆಯಾಗಿತ್ತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಇದನ್ನು ಕೇವಲ ದೇಹದಾರ್ಢ್ಯದ ಫಲವೆಂದು ಭಾವಿಸಿದರೆ ಲ್ಯಾಂಗರ್ ಅವರ ವೃತ್ತಿಜೀವನದ ಮುಖ್ಯ ಸಂಗತಿಯೇ ಕೈತಪ್ಪಿಹೋಗುತ್ತದೆ. ಅವರ ಕೈಗಳು ಅವರ ಮಾತು ಕೇಳದೆ ಹೋದದ್ದು ಒಮ್ಮೆಯಲ್ಲ. ಪ್ರತಿ ಬಾರಿಯೂ ಅವರು ಹಳೆಯ ವಿಧಾನವನ್ನು ಬಿಟ್ಟು ಹೊಸದನ್ನು ಕಲಿತರು. ಅವರ ದೀರ್ಘ ಬಾಳಿಕೆಯ ಗುಟ್ಟು ಇಲ್ಲಿದೆ.

ಹಿರಿಯರ ಸರಣಿ ಎಂದರೇನು?

ಐವತ್ತು ತುಂಬಿದ ವೃತ್ತಿಪರ ಆಟಗಾರರಿಗಾಗಿ ಅಮೆರಿಕದಲ್ಲಿ 1980ರಲ್ಲಿ ಈ ಸರಣಿ ಆರಂಭವಾಯಿತು. ಅದಕ್ಕೂ ಎರಡು ವರ್ಷ ಮೊದಲು, 1978ರಲ್ಲಿ, ಹಳೆಯ ತಾರೆಯರನ್ನು ಒಂದೆಡೆ ಸೇರಿಸಿ ಆಡಿಸಿದ 'ಲೆಜೆಂಡ್ಸ್ ಆಫ್ ಗಾಲ್ಫ್' ಎಂಬ ಪಂದ್ಯಾವಳಿ ಟಿವಿ ವೀಕ್ಷಕರ ಮನ ಗೆದ್ದಿತ್ತು. ಅದೇ ಇದಕ್ಕೆ ಪ್ರೇರಣೆ. ಮೊದಲು ಸೀನಿಯರ್ ಪಿಜಿಎ ಟೂರ್ ಎಂದಿದ್ದ ಹೆಸರು 2003ರಲ್ಲಿ ಚಾಂಪಿಯನ್ಸ್ ಟೂರ್ ಎಂದೂ, 2016ರಲ್ಲಿ ಪಿಜಿಎ ಟೂರ್ ಚಾಂಪಿಯನ್ಸ್ ಎಂದೂ ಬದಲಾಯಿತು.

ಕಿರಿಯರ ಸರಣಿಯಲ್ಲಿ ಸಾಮಾನ್ಯವಾಗಿ ನಾಲ್ಕು ದಿನ, 72 ಕುಳಿಗಳ ಆಟ ನಡೆಯುತ್ತದೆ. ಎರಡು ದಿನಗಳ ಬಳಿಕ ಹಿಂದುಳಿದವರು ಹೊರಬೀಳುತ್ತಾರೆ. ಇದಕ್ಕೆ 'ಕಟ್' ಎನ್ನುತ್ತಾರೆ. ಹಿರಿಯರ ಸರಣಿಯ ಬಹುತೇಕ ಪಂದ್ಯಾವಳಿಗಳು ಮೂರೇ ದಿನ, 54 ಕುಳಿಗಳಿಗೆ ಮುಗಿಯುತ್ತವೆ. ಅವುಗಳಲ್ಲಿ ಕಟ್ ಇರುವುದಿಲ್ಲ. ಅಂಗಳದ ಉದ್ದವೂ ಕಡಿಮೆ. ಹೆಚ್ಚಿನ ಕಡೆ ಗಾಡಿಯಲ್ಲಿ ಸಂಚರಿಸಲು ಅವಕಾಶವಿದೆ. ಐದು ಮೇಜರ್ ಪಂದ್ಯಾವಳಿಗಳು ನಾಲ್ಕು ದಿನ ನಡೆಯುತ್ತವೆ.

ಈ ರಿಯಾಯಿತಿಗಳನ್ನು ಕಂಡು ಇದನ್ನು ನಿವೃತ್ತರ ವಿಹಾರವೆಂದು ಹಗುರವಾಗಿ ಮಾತನಾಡುವವರೂ ಇದ್ದಾರೆ. ಆದರೆ ಈ ಸರಣಿಗೊಂದು ನಿಷ್ಠುರವಾದ ಗುಣವಿದೆ. ಇಲ್ಲಿರುವ ಆಟಗಾರನಿಗೆ ವರ್ಷವರ್ಷವೂ ವಯಸ್ಸಾಗುತ್ತದೆ. ಎದುರಾಳಿಗಳಿಗೆ ಮಾತ್ರ ಸದಾ ಐವತ್ತೇ. ಲ್ಯಾಂಗರ್ ಕಾಲಿಟ್ಟ ಬಳಿಕ ಫ್ರೆಡ್ ಕಪಲ್ಸ್ ಬಂದರು, ವಿಜಯ್ ಸಿಂಗ್ ಬಂದರು. ಎರ್ನಿ ಎಲ್ಸ್ 2019ರಲ್ಲಿ, ಫಿಲ್ ಮಿಕಲ್ಸನ್ 2020ರಲ್ಲಿ, ಪಾಡ್ರೆಗ್ ಹ್ಯಾರಿಂಗ್ಟನ್ 2021ರಲ್ಲಿ ಐವತ್ತು ಮುಟ್ಟಿದರು. ಇಲ್ಲಿ ಬಹುತೇಕ ಆಟಗಾರರು ಐವತ್ತರಿಂದ ಐವತ್ತೈದರ ನಡುವೆ ಗೆಲ್ಲುತ್ತಾರೆ, ಬಳಿಕ ಮೆಲ್ಲನೆ ಹಿಂದೆ ಸರಿಯುತ್ತಾರೆ. ಲ್ಯಾಂಗರ್ ಆ ನಿಯಮಕ್ಕೆ ಹೊರತಾದರು.

ಇಟ್ಟಿಗೆ ಕೆಲಸಗಾರನ ಮಗ

ಲ್ಯಾಂಗರ್ ಹುಟ್ಟಿದ್ದು 1957ರ ಆಗಸ್ಟ್ 27ರಂದು, ಅಂದಿನ ಪಶ್ಚಿಮ ಜರ್ಮನಿಯ ಬವೇರಿಯಾ ಪ್ರಾಂತ್ಯದ ಅನ್‌ಹೌಸನ್ ಎಂಬ ಹಳ್ಳಿಯಲ್ಲಿ. ತಂದೆ ಇಟ್ಟಿಗೆ ಕಟ್ಟುವ ಕೆಲಸಗಾರ. ಆಗ ಜರ್ಮನಿಯಲ್ಲಿ ಗಾಲ್ಫ್ ಎಂದರೆ ಸಿರಿವಂತರ ಆಟ. ಜನಸಾಮಾನ್ಯರಿಗೆ ಅದರ ಪರಿಚಯವೇ ಇರಲಿಲ್ಲ. ಸಮೀಪದ ಔಗ್ಸ್‌ಬರ್ಗ್ ಕ್ಲಬ್‌ನಲ್ಲಿ ಬಾಲಕ ಲ್ಯಾಂಗರ್ ಕ್ಯಾಡಿಯಾದರು, ಅಂದರೆ ಆಡುವವರ ಚೀಲ ಹೊರುವ ಹುಡುಗ. ಹದಿನೈದನೇ ವಯಸ್ಸಿಗೆ, 1972ರಲ್ಲಿ, ಅವರು ವೃತ್ತಿಪರರಾದರು.

ಚೀಲ ಹೊತ್ತ ಕೈಯೇ ಮುಂದೆ ಪ್ರಶಸ್ತಿ ಹಿಡಿಯುವ ಕಥೆ ನಮ್ಮವರಿಗೂ ಹೊಸದಲ್ಲ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಆರಂಭಿಸಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದದ್ದು ಹಲವರಿಗೆ ನೆನಪಿರಬಹುದು.

ಕಡ್ಡಾಯ ಸೇನಾ ಸೇವೆಯ ದಿನಗಳಲ್ಲಿ ಬೆನ್ನೆಲುಬಿಗೆ ತೊಂದರೆಯಾಗಿ ಲ್ಯಾಂಗರ್ ಬಹಳ ನೋವುಂಡರು. ಅಂದಿನಿಂದ ನಿತ್ಯ ವ್ಯಾಯಾಮ ಅವರ ಪಾಲಿಗೆ ತಪ್ಪದ ಕರ್ತವ್ಯವಾಯಿತು. ಅದಕ್ಕಿಂತ ದೊಡ್ಡ ಸಂಕಟ ಬಂದದ್ದು ಇನ್ನೊಂದು ರೂಪದಲ್ಲಿ.

ಕೈ ನಡುಗಿದಾಗ

ಗಾಲ್ಫ್‌ನ ಲೆಕ್ಕಾಚಾರ ವಿಚಿತ್ರವಾದುದು. 300 ಗಜ ದೂರಕ್ಕೆ ಚಿಮ್ಮಿಸಿದ ಹೊಡೆತವೂ ಒಂದೇ, ಕುಳಿಯ ಬಳಿ ಎರಡು ಅಡಿ ಉರುಳಿಸಿದ ಹೊಡೆತವೂ ಒಂದೇ. ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಚೆಂಡನ್ನು ಉರುಳಿಸುವುದಕ್ಕೆ 'ಪಟ್' ಎಂದು ಹೆಸರು. ಇದಕ್ಕೆ ಬಲ ಬೇಕಿಲ್ಲ, ಸ್ಥಿರವಾದ ಕೈ ಬೇಕು. ಕೆಲವು ಆಟಗಾರರಿಗೆ ಈ ಕ್ಷಣದಲ್ಲೇ ಮಣಿಕಟ್ಟು ತಾನಾಗಿಯೇ ಅದುರಿ, ಸೆಳೆದಂತಾಗಿ ಚೆಂಡು ದಾರಿ ತಪ್ಪುತ್ತದೆ. ಗಾಲ್ಫ್ ಲೋಕದಲ್ಲಿ ಇದಕ್ಕೆ 'ಯಿಪ್ಸ್' ಎನ್ನುತ್ತಾರೆ. ಒಂದೇ ಚಲನೆಯನ್ನು ಸಾವಿರಾರು ಬಾರಿ ಮಾಡಿದ ಸ್ನಾಯುಗಳು ಹಿಡಿತ ತಪ್ಪುವ ನರಸಂಬಂಧಿ ತೊಂದರೆ ಕೆಲವರಲ್ಲಿ ಇದಕ್ಕೆ ಕಾರಣ. ಸೋಲಿನ ಆತಂಕ ಇನ್ನು ಕೆಲವರಲ್ಲಿ. ಎರಡೂ ಬೆರೆತಿರುವುದೂ ಉಂಟು. ಇದರಿಂದಾಗಿ ಆಟವನ್ನೇ ತೊರೆದ ವೃತ್ತಿಪರರಿದ್ದಾರೆ.

ಲ್ಯಾಂಗರ್‌ಗೆ ಇದು ಮೊದಲು ತಗುಲಿದ್ದು ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ. ಅದನ್ನು ಗೆಲ್ಲಲು ಅವರು ಎಡಗೈಯನ್ನು ಬಲಗೈಗಿಂತ ಕೆಳಗೆ ಹಿಡಿಯುವ ಕ್ರಮ ಕಲಿತರು. 1985ರಲ್ಲಿ ಅಗಸ್ಟಾದಲ್ಲಿ ಮಾಸ್ಟರ್ಸ್ ಪ್ರಶಸ್ತಿ ಗೆದ್ದಾಗ ಹತ್ತಿರದ ಪಟ್‌ಗಳನ್ನು ಆಡಿದ್ದು ಹೀಗೆಯೇ. ಮರುವರ್ಷ, 1986ರ ಏಪ್ರಿಲ್‌ನಲ್ಲಿ, ಗಾಲ್ಫ್‌ನ ಅಧಿಕೃತ ವಿಶ್ವ ಕ್ರಮಾಂಕ ಪಟ್ಟಿ ಮೊದಲ ಬಾರಿ ಪ್ರಕಟವಾದಾಗ ಅಗ್ರಸ್ಥಾನದಲ್ಲಿದ್ದವರು ಲ್ಯಾಂಗರ್.

ಆದರೆ 1980ರ ದಶಕದ ಕೊನೆಗೆ ಅದೇ ಕಾಯಿಲೆ ಮತ್ತೆ ಮರುಕಳಿಸಿತು. ಈ ಬಾರಿ ಅವರು ಇನ್ನೂ ವಿಚಿತ್ರವಾದ ಉಪಾಯ ಹುಡುಕಿದರು. ಪಟ್ಟರ್ ಕೋಲಿನ ಹಿಡಿಯನ್ನು ಎಡಗೈಯ ಮುಂದೋಳಿಗೆ ಒತ್ತಿ, ಬಲಗೈಯಿಂದ ಕೋಲು ಮತ್ತು ತೋಳು ಎರಡನ್ನೂ ಬಿಗಿಹಿಡಿದು ಆಡಲಾರಂಭಿಸಿದರು. ನೋಡಲು ಸೊಗಸಾಗಿರಲಿಲ್ಲ, ಆದರೆ ಅದುರುವ ಮಣಿಕಟ್ಟಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಆ ಹಿಡಿತದಿಂದಲೇ 1993ರಲ್ಲಿ ಎರಡನೇ ಬಾರಿ ಮಾಸ್ಟರ್ಸ್ ಗೆದ್ದರು. 1990ರ ದಶಕದ ಕೊನೆಯಲ್ಲಿ ಮೂರನೆಯ ಬದಲಾವಣೆಯಾಗಿ ಎದೆಯೆತ್ತರದ ಉದ್ದ ಪಟ್ಟರ್ ಕೈಗೆತ್ತಿಕೊಂಡರು.

ಆರು ಅಡಿಯ ಸೋಲು

ಈ ಎರಡು ಮಾಸ್ಟರ್ಸ್ ಗೆಲುವುಗಳ ನಡುವೆ ಲ್ಯಾಂಗರ್ ಬದುಕಿನ ಅತಿ ಕಹಿ ಗಳಿಗೆಯೊಂದಿದೆ. 1991ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಿಯಾವಾ ದ್ವೀಪದಲ್ಲಿ ಅಮೆರಿಕ ಮತ್ತು ಯುರೋಪ್ ತಂಡಗಳ ನಡುವಿನ ರೈಡರ್ ಕಪ್ ನಡೆದಿತ್ತು. ಮೂರು ದಿನಗಳ ಹಣಾಹಣಿಯ ಫಲಿತಾಂಶ ಕೊನೆಯ ಪಂದ್ಯದ ಕೊನೆಯ ಪಟ್‌ಗೆ ಬಂದು ನಿಂತಿತು. ಕುಳಿ ಇದ್ದದ್ದು ಸುಮಾರು ಆರು ಅಡಿ ದೂರದಲ್ಲಿ. ಚೆಂಡು ಒಳಹೋದರೆ 14-14 ಸಮ. ಹಿಂದಿನ ಬಾರಿ ಕಪ್ ಉಳಿಸಿಕೊಂಡಿದ್ದ ಯುರೋಪ್ ಬಳಿಯೇ ಅದು ಉಳಿಯುತ್ತಿತ್ತು. ಲ್ಯಾಂಗರ್ ಹೊಡೆದ ಚೆಂಡು ಕುಳಿಯ ಪಕ್ಕದಲ್ಲಿ ಜಾರಿಹೋಯಿತು. ಅಂದು ಅವರ ಎದುರಾಳಿಯಾಗಿದ್ದವರು ಹೇಲ್ ಇರ್ವಿನ್.

ಯಿಪ್ಸ್‌ನೊಂದಿಗೆ ಹೋರಾಡುತ್ತಿದ್ದ ಆಟಗಾರನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇರಲಾರದು. ಆದರೆ ಮುಂದಿನ ಭಾನುವಾರವೇ ಅವರು ಜರ್ಮನ್ ಮಾಸ್ಟರ್ಸ್ ಗೆದ್ದರು. ಹದಿಮೂರು ವರ್ಷಗಳ ಬಳಿಕ, 2004ರಲ್ಲಿ, ರೈಡರ್ ಕಪ್ ತಂಡದ ನಾಯಕರಾಗಿ ಅಮೆರಿಕ ನೆಲದಲ್ಲೇ ಯುರೋಪ್‌ಗೆ 18½-9½ ಅಂತರದ ಜಯ ತಂದುಕೊಟ್ಟರು. ಯುರೋಪಿಯನ್ ಟೂರ್‌ನಲ್ಲಿ ಅವರ ಗೆಲುವುಗಳ ಸಂಖ್ಯೆ 42. ಅಲ್ಲಿ ಅವರಿಗಿಂತ ಮುಂದಿರುವವರು 50 ಗೆಲುವುಗಳ ಸೆವೆ ಬ್ಯಾಲೆಸ್ಟರೋಸ್ ಒಬ್ಬರೇ.

ಎರಡನೆಯ ಇನಿಂಗ್ಸ್

2007ರ ಆಗಸ್ಟ್‌ನಲ್ಲಿ ಐವತ್ತು ತುಂಬಿದ ಲ್ಯಾಂಗರ್ ಅಕ್ಟೋಬರ್‌ನಲ್ಲೇ ಹಿರಿಯರ ಸರಣಿಯ ಮೊದಲ ಪ್ರಶಸ್ತಿ ಗೆದ್ದರು. 2010ರಲ್ಲಿ ಸ್ಕಾಟ್ಲೆಂಡ್‌ನ ಕಾರ್ನೂಸ್ಟಿಯಲ್ಲಿ ಸೀನಿಯರ್ ಬ್ರಿಟಿಷ್ ಓಪನ್ ಗೆದ್ದು, ಮರುವಾರವೇ ಭೂಗೋಳದ ಇನ್ನೊಂದು ಬದಿಯ ವಾಷಿಂಗ್ಟನ್ ರಾಜ್ಯದಲ್ಲಿ ಯುಎಸ್ ಸೀನಿಯರ್ ಓಪನ್ ಕೂಡ ಗೆದ್ದರು. ಎರಡನೆಯದರಲ್ಲಿ ಅವರು ಹಿಂದಿಕ್ಕಿದ್ದು ಅದೇ ಊರಿನ ಕಡೆಯವರಾದ ಫ್ರೆಡ್ ಕಪಲ್ಸ್ ಅವರನ್ನು. 2017ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಒಂದೇ ಋತುವಿನಲ್ಲಿ ಮೂರು ಮೇಜರ್‌ಗಳು ಅವರ ಪಾಲಾದವು. ಹಿರಿಯರ ಐದೂ ಮೇಜರ್ ಪ್ರಶಸ್ತಿಗಳನ್ನು ಗೆದ್ದ ಮೊದಲಿಗರಾದದ್ದು ಅದೇ ವರ್ಷ. ಅವರ ಹಿರಿಯರ ಮೇಜರ್‌ಗಳ ಒಟ್ಟು ಸಂಖ್ಯೆ 12.

ಈ ನಡುವೆ ನಿಯಮವೂ ಅವರಿಗೆ ಎದುರಾಯಿತು. ಪಟ್ಟರ್‌ನ ತುದಿಯನ್ನು ಎದೆಗೋ ಹೊಟ್ಟೆಗೋ ಆನಿಸಿ ಆಡುವುದನ್ನು 2016ರ ಜನವರಿ 1ರಿಂದ ನಿಷೇಧಿಸಲಾಯಿತು. ಉದ್ದ ಪಟ್ಟರ್ ನೆಚ್ಚಿದವರ ಕಥೆ ಮುಗಿಯಿತು ಎಂದೇ ಹಲವರು ಭಾವಿಸಿದ್ದರು. ಲ್ಯಾಂಗರ್ ಅದೇ ಕೋಲನ್ನು ಉಳಿಸಿಕೊಂಡು, ಮೇಲಿನ ಕೈಯನ್ನು ಎದೆಯಿಂದ ತುಸು ದೂರ ಹಿಡಿದು ಆಡುವುದನ್ನು ರೂಢಿಸಿಕೊಂಡರು. 2017ರಲ್ಲಿ ಅವರ ಕೈ ಎದೆಗೆ ತಾಗುತ್ತಿದೆ ಎಂಬ ಅನುಮಾನ ಸಾರ್ವಜನಿಕವಾಗಿ ಕೇಳಿಬಂತು. ನಿಯಮ ಉಲ್ಲಂಘನೆಗೆ ಆಧಾರವಿಲ್ಲ ಎಂದು ಅಮೆರಿಕದ ಗಾಲ್ಫ್ ಸಂಸ್ಥೆ ಸ್ಪಷ್ಟಪಡಿಸಿತು. ನಿಷೇಧ ಜಾರಿಯಾದ ಬಳಿಕ ಅವರು ಗೆದ್ದ ಪ್ರಶಸ್ತಿಗಳೇ ಚರ್ಚೆಗೆ ತಕ್ಕ ಉತ್ತರವಾದವು.

ಈ ಸರಣಿಯಲ್ಲಿ ಅತಿ ಹೆಚ್ಚು ಗೆಲುವಿನ ದಾಖಲೆ ಬಹುಕಾಲ ಒಬ್ಬರ ಹೆಸರಿನಲ್ಲೇ ಇತ್ತು. 1995ರಿಂದ 2007ರ ನಡುವೆ 45 ಬಾರಿ ಗೆದ್ದಿದ್ದ ಅವರು ಮತ್ತಾರೂ ಅಲ್ಲ, ಕಿಯಾವಾದಲ್ಲಿ ಎದುರಾಗಿದ್ದ ಹೇಲ್ ಇರ್ವಿನ್. 2023ರ ಫೆಬ್ರುವರಿಯಲ್ಲಿ ಲ್ಯಾಂಗರ್ ಆ ದಾಖಲೆಯನ್ನು ಸರಿಗಟ್ಟಿದರು. ಅದೇ ಜುಲೈನಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ನಡೆದ ಯುಎಸ್ ಸೀನಿಯರ್ ಓಪನ್‌ನಲ್ಲಿ ತವರಿನ ಆಟಗಾರ ಸ್ಟೀವ್ ಸ್ಟ್ರಿಕರ್ ಅವರನ್ನು ಎರಡು ಹೊಡೆತಗಳಿಂದ ಹಿಂದಿಕ್ಕಿ ದಾಖಲೆ ಮುರಿದರು. ಆಗ ಅವರಿಗೆ 65 ವರ್ಷ. ಹಿರಿಯರ ಮೇಜರ್ ಗೆದ್ದ ಅತಿ ಹಿರಿಯ ಆಟಗಾರ ಎಂಬ ಗೌರವವೂ ಅಂದೇ ದಕ್ಕಿತು.

ದೂರವೇ ಮಿತಿ

2024ರ ಫೆಬ್ರುವರಿಯಲ್ಲಿ ಪಿಕಲ್‌ಬಾಲ್ ಆಡುವಾಗ ಕಾಲಿಗೆ ಪೆಟ್ಟಾಗಿ, ಆ ವರ್ಷ ಮಾಸ್ಟರ್ಸ್‌ಗೆ ವಿದಾಯ ಹೇಳುವ ಅವರ ಯೋಜನೆ ಕೈಗೂಡಲಿಲ್ಲ. ಆದರೆ ಮೂರೇ ತಿಂಗಳಲ್ಲಿ ಅವರು ಸ್ಪರ್ಧೆಗೆ ಮರಳಿದರು. ನವೆಂಬರ್‌ನ ಫೀನಿಕ್ಸ್ ಗೆಲುವಿನ ಬೆನ್ನಲ್ಲೇ, ಡಿಸೆಂಬರ್‌ನಲ್ಲಿ ಮಗನ ಜತೆಗೂಡಿ ಕೌಟುಂಬಿಕ ಜೋಡಿಗಳ ಪಿಎನ್‌ಸಿ ಚಾಂಪಿಯನ್‌ಷಿಪ್‌ನಲ್ಲಿ ಟೈಗರ್ ವುಡ್ಸ್ ಮತ್ತು ಅವರ ಮಗನನ್ನು ಪ್ಲೇಆಫ್‌ನಲ್ಲಿ ಸೋಲಿಸಿದರು.

ಮಾಸ್ಟರ್ಸ್ ವಿದಾಯ 2025ರ ಏಪ್ರಿಲ್‌ಗೆ ಬಂತು. ಅದು ಅಲ್ಲಿ ಅವರ 41ನೇ ಸ್ಪರ್ಧೆ. ಅವರು ಮೊದಲ ಬಾರಿ ಗೆದ್ದ 1985ರಲ್ಲಿ ಅಗಸ್ಟಾ ಅಂಗಳದ ಉದ್ದ 6,905 ಗಜ. 2025ರಲ್ಲಿ 7,555 ಗಜ. ನಲವತ್ತು ವರ್ಷಗಳಲ್ಲಿ ಅಂಗಳ 650 ಗಜ ಬೆಳೆದಿತ್ತು, ಆಟಗಾರನ ಹೊಡೆತ ಮಾತ್ರ ಕುಗ್ಗಿತ್ತು. ಹೀಗಿದ್ದೂ 67ರ ಹರೆಯದ ಲ್ಯಾಂಗರ್ ಕಟ್ ತಪ್ಪಿಸಿಕೊಂಡದ್ದು ಒಂದೇ ಒಂದು ಹೊಡೆತದಿಂದ.

ವಯಸ್ಸು ಆಟಗಾರನಿಂದ ಏನನ್ನು ಕಸಿದುಕೊಳ್ಳುತ್ತದೆ, ಏನನ್ನು ಬಿಟ್ಟುಹೋಗುತ್ತದೆ ಎಂಬುದಕ್ಕೆ ಈ ಎರಡು ಅಂಗಳಗಳ ಹೋಲಿಕೆ ಸಾಕು. ಅಗಸ್ಟಾದಲ್ಲಿ ಅವರನ್ನು ಹಿಂದಕ್ಕೆ ತಳ್ಳಿದ್ದು ದೂರ. ದೂರದ ಹಂಗು ಕಡಿಮೆಯಿರುವ ಹಿರಿಯರ ಅಂಗಳದಲ್ಲಿ ನಿಖರತೆ, ತಾಳ್ಮೆ, ಕುಳಿಯ ಬಳಿಯ ಧೈರ್ಯ ನಿರ್ಣಾಯಕ. ಮೂರನೆಯದಂತೂ ಲ್ಯಾಂಗರ್‌ಗೆ ಹುಟ್ಟಿನಿಂದ ಬಂದದ್ದಲ್ಲ. ಕೈ ನಡುಗಿದಾಗಲೆಲ್ಲ ಹಿಡಿತ ಬದಲಿಸಿ, ನೋಡುವವರು ನಕ್ಕರೂ ಲೆಕ್ಕಿಸದೆ ಅವರು ಅದನ್ನು ಮತ್ತೆ ಮತ್ತೆ ಸಂಪಾದಿಸಿದರು. ಐವತ್ತರ ನಂತರದ 47 ಪ್ರಶಸ್ತಿಗಳ ಹಿಂದೆ ಇಪ್ಪತ್ತರ ಹರೆಯದಲ್ಲೇ ಆರಂಭವಾದ ಆ ಕಲಿಕೆಯಿದೆ.