ಹಳೆಯ ಗಣಕಯಂತ್ರಕ್ಕೆ ಹೊಸ ಎಸ್.ಎಂ.ಪಿ.ಎಸ್. : ಅಳವಡಿಕೆ ಹಾಗೂ ಲೆಕ್ಕಪತ್ರದ ವಿಚಾರಗಳು

ಇಂದು ನಮ್ಮ ಅವಳಿ ನಗರದಲ್ಲಿ ಗಣಕಯಂತ್ರವಿಲ್ಲದ ಪೇಢಿಯಾಗಲಿ, ಕಾರಖಾನೆಯಾಗಲಿ ವಿರಳ. ಆದರೆ ಎಲ್ಲೆಡೆಯೂ ಹೊಸ ಯಂತ್ರಗಳೇ ಇವೆಯೆಂದು ಭಾವಿಸಬೇಕಿಲ್ಲ. ಅಮರಗೋಳದ ಎ.ಪಿ.ಎಂ.ಸಿ. ಪ್ರಾಂಗಣದ ದಲಾಲಿ ಅಂಗಡಿಗಳಲ್ಲಿ, ಗೋಕುಲ ರಸ್ತೆ ಹಾಗೂ ತಾರಿಹಾಳದ ಉದ್ದಿಮೆಗಳಲ್ಲಿ ಹತ್ತು-ಹದಿನೈದು ವರ್ಷ ಹಳೆಯ ಯಂತ್ರಗಳು ಇನ್ನೂ ದುಡಿಯುತ್ತಿವೆ. ಇದಕ್ಕೆ ಮಿತವ್ಯಯವೊಂದೇ ಕಾರಣವಲ್ಲ. ವೇಬ್ರಿಜ್‌ನಿಂದ ತೂಕವನ್ನು ಪಡೆಯಲು ಬೇಕಾದ ಸೀರಿಯಲ್ ಪೋರ್ಟ್, ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಬೇಕಾದ ಪ್ಯಾರಲಲ್ ಪೋರ್ಟ್, ಹಿಂದಿನ ವರ್ಷಗಳ ಲೆಕ್ಕಪತ್ರ ತಂತ್ರಾಂಶ ಇವೆಲ್ಲ ಆ ಯಂತ್ರಗಳಲ್ಲಿಯೇ ಉಳಿದುಕೊಂಡಿವೆ.

ಇಂತಹ ಯಂತ್ರ ಒಂದು ಬೆಳಗ್ಗೆ ಚಾಲೂ ಆಗದಿದ್ದರೆ ಅನೇಕರು ಎರಡು ಅತಿರೇಕಗಳಲ್ಲಿ ಒಂದಕ್ಕೆ ಹೋಗುತ್ತಾರೆ. ಕೆಲವರು ಯಂತ್ರ ಮುಗಿಯಿತೆಂದು ಹೊಸದನ್ನು ಖರೀದಿಸುತ್ತಾರೆ. ಇನ್ನು ಕೆಲವರು ಕೈಗೆ ಸಿಕ್ಕ ಅಗ್ಗದ ಎಸ್.ಎಂ.ಪಿ.ಎಸ್. ಹಾಕಿಸಿ, ಮದರ್‌ಬೋರ್ಡ್ ಹಾಗೂ ಹಾರ್ಡ್ ಡಿಸ್ಕ್‌ಗಳನ್ನೂ ಕಳೆದುಕೊಳ್ಳುತ್ತಾರೆ. ಮೊದಲನೆಯದರಿಂದ ಹಣ ವ್ಯರ್ಥವಾದೀತು. ಎರಡನೆಯದರಿಂದ ಲೆಕ್ಕಪತ್ರಗಳೇ ನಷ್ಟವಾದಾವು. ಆದುದರಿಂದ ಈ ವಿಷಯದ ಕೆಲವು ಮುಖ್ಯಾಂಶಗಳನ್ನು ವರ್ತಕ ಬಾಂಧವರ ಗಮನಕ್ಕೆ ತರಲಾಗಿದೆ.

ಎಸ್.ಎಂ.ಪಿ.ಎಸ್. ಎಂದರೇನು?

ಗೋಡೆಯ ಸಾಕೆಟ್ಟಿನಿಂದ ಬರುವ 230 ವೋಲ್ಟ್‌ಗಳ ಎ.ಸಿ. ವಿದ್ಯುತ್ತನ್ನು ಗಣಕಯಂತ್ರಕ್ಕೆ ಬೇಕಾದ 12, 5 ಹಾಗೂ 3.3 ವೋಲ್ಟ್‌ಗಳ ಡಿ.ಸಿ. ವಿದ್ಯುತ್ತಾಗಿ ಪರಿವರ್ತಿಸುವ ಲೋಹದ ಪೆಟ್ಟಿಗೆಯೇ ಎಸ್.ಎಂ.ಪಿ.ಎಸ್. ಇದರ ತಂತಿಗಳಲ್ಲಿ ಹಳದಿಯದು 12 ವೋಲ್ಟ್, ಕೆಂಪು 5 ವೋಲ್ಟ್, ಕಿತ್ತಳೆ 3.3 ವೋಲ್ಟ್, ಕಪ್ಪು ಗ್ರೌಂಡ್. ಯಂತ್ರ ಬಂದಾಗಿರುವಾಗಲೂ ನೇರಳೆ ತಂತಿಯಲ್ಲಿ 5 ವೋಲ್ಟ್ ಇರುತ್ತದೆ. ಆದ್ದರಿಂದಲೇ ಯಂತ್ರವನ್ನು ಬಂದು ಮಾಡಿದ ಮಾತ್ರಕ್ಕೆ ಕ್ಯಾಬಿನೆಟ್ಟಿನಲ್ಲಿ ಕೈ ಹಾಕಬಾರದು, ಪ್ಲಗ್ಗನ್ನೇ ಕಿತ್ತಿರಬೇಕು.

ನಮ್ಮ ಭಾಗದಲ್ಲಿ ಈ ಘಟಕ ಬೇಗ ಸೋಲಲು ಕಾರಣಗಳುಂಟು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ದಿನಗಳಲ್ಲಿ ವಿದ್ಯುತ್ತಿನ ಏರಿಳಿತ ಹೆಚ್ಚು. ಹತ್ತಿ, ಮೆಣಸಿನಕಾಯಿ, ಕಾಳುಕಡಿಗಳ ವಹಿವಾಟಿನ ಸ್ಥಳಗಳಲ್ಲಿ ಧೂಳು ಫ್ಯಾನಿನಲ್ಲಿ ಸೇರಿ ಗಾಳಿ ಕಟ್ಟುತ್ತದೆ. ಬಿಸಿಯಿಂದ ಒಳಗಿನ ಕೆಪಾಸಿಟರುಗಳು ಉಬ್ಬಿ ಕೆಡುತ್ತವೆ. ಅರ್ಥಿಂಗ್ ಸರಿಯಿಲ್ಲದ ಹಳೆಯ ಕಟ್ಟಡಗಳಲ್ಲಿ ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುವುದೂ ಉಂಟು. ಅಲ್ಲಿ ಎಸ್.ಎಂ.ಪಿ.ಎಸ್. ಬದಲಿಸುವ ಮೊದಲು ಅರ್ಥಿಂಗ್ ಸರಿಪಡಿಸುವುದೇ ಯೋಗ್ಯ.

ದೋಷ ಎಲ್ಲಿದೆ?

ಮೊದಲು ಸಾಕೆಟ್, ವಯರ್, ಯು.ಪಿ.ಎಸ್. ಇವುಗಳನ್ನು ಪರೀಕ್ಷಿಸಬೇಕು. ಯು.ಪಿ.ಎಸ್. ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಿದಾಗ ಯಂತ್ರ ಚಾಲೂ ಆದರೆ ದೋಷ ಯು.ಪಿ.ಎಸ್.ನದು. ಫ್ಯಾನ್ ತಿರುಗದಿರುವುದು, ಸುಟ್ಟ ವಾಸನೆ, ಕೆಲಸದ ನಡುವೆ ಯಂತ್ರ ತಾನಾಗಿಯೇ ಬಂದಾಗುವುದು ಇವು ಎಸ್.ಎಂ.ಪಿ.ಎಸ್. ದೋಷದ ಸಾಮಾನ್ಯ ಲಕ್ಷಣಗಳು. ತಂತ್ರಜ್ಞರು ಮಲ್ಟಿಮೀಟರಿನಿಂದ ಅಥವಾ ಸುಸ್ಥಿತಿಯ ಬೇರೊಂದು ಎಸ್.ಎಂ.ಪಿ.ಎಸ್. ಜೋಡಿಸಿ ಖಚಿತಪಡಿಸಿಕೊಳ್ಳಬಲ್ಲರು. ಹಾಗೆ ಖಚಿತವಾಗುವವರೆಗೆ ಹೊಸದನ್ನು ಖರೀದಿಸಬಾರದು.

ಒಂದು ಎಚ್ಚರಿಕೆ: ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಬಾರದು. 230 ವೋಲ್ಟ್ ಎ.ಸಿ.ಯನ್ನು ಡಿ.ಸಿ.ಗೆ ಪರಿವರ್ತಿಸಿದಾಗ ಒಳಗಿನ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಶೇಖರವಾಗುತ್ತದೆ. ಪ್ಲಗ್ ಕಿತ್ತ ನಂತರವೂ ಇದು ಕೆಲಕಾಲ ಉಳಿಯಬಹುದು ಹಾಗೂ ಪ್ರಾಣಾಪಾಯಕಾರಿ.

ಖರೀದಿಗೆ ಮುನ್ನ ನೋಡಬೇಕಾದ ನಾಲ್ಕು ಅಂಶಗಳು

1. ಅಳತೆ: 1995ರಲ್ಲಿ ಇಂಟೆಲ್ ಸಂಸ್ಥೆಯು ಎ.ಟಿ.ಎಕ್ಸ್. ಎಂಬ ಮಾದರಿಯನ್ನು ಪ್ರಕಟಿಸಿತು. ಸ್ಥಳೀಯವಾಗಿ ಜೋಡಿಸಿದ ಬಹುತೇಕ ಯಂತ್ರಗಳು ಇದನ್ನೇ ಅನುಸರಿಸುತ್ತವೆ. ಇದರ ಎಸ್.ಎಂ.ಪಿ.ಎಸ್. 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರವಿದ್ದು, ಉದ್ದ ಸಾಮಾನ್ಯವಾಗಿ 140 ಮಿ.ಮೀ. ಅಗಲ-ಎತ್ತರಗಳು ಹಾಗೂ ಹಿಂಬದಿಯ ನಾಲ್ಕು ಸ್ಕ್ರೂಗಳ ಸ್ಥಾನ ನಿಶ್ಚಿತ; ಉದ್ದ ಮಾತ್ರ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಉದ್ದ ಹೆಚ್ಚಾದರೆ ಹಳೆಯ ಕ್ಯಾಬಿನೆಟ್ಟಿನಲ್ಲಿ ಡಿ.ವಿ.ಡಿ. ಡ್ರೈವಿಗೆ ತಾಗುವ ಸಂಭವವಿದೆ. ತೆಳುವಾದ ಕ್ಯಾಬಿನೆಟ್ಟುಗಳಲ್ಲಿ ಎಸ್.ಎಫ್.ಎಕ್ಸ್. ಅಥವಾ ಟಿ.ಎಫ್.ಎಕ್ಸ್. ಎಂಬ ಚಿಕ್ಕ ಮಾದರಿಗಳಿರುತ್ತವೆ. ಹಳೆಯದನ್ನು ಹೊರತೆಗೆದು ಅಳೆದು, ಸಾಧ್ಯವಾದರೆ ಅದನ್ನೇ ಅಂಗಡಿಗೆ ಒಯ್ದು ಹೋಲಿಸಿ ನೋಡುವುದು ಲೇಸು.

2. ಕನೆಕ್ಟರ್: ಹಳೆಯ ಎ.ಟಿ.ಎಕ್ಸ್. ಮದರ್‌ಬೋರ್ಡುಗಳಿಗೆ 20 ಪಿನ್ನುಗಳ ಕನೆಕ್ಟರ್ ಇತ್ತು. 2003ರ ಪರಿಷ್ಕರಣೆಯ ನಂತರ ಅದು 24 ಪಿನ್ ಆಯಿತು. ಹೊಸ ಎಸ್.ಎಂ.ಪಿ.ಎಸ್.ಗಳಲ್ಲಿ ಅನೇಕವು '20+4' ಮಾದರಿಯಾಗಿದ್ದು, ನಾಲ್ಕು ಪಿನ್ನುಗಳನ್ನು ಬೇರ್ಪಡಿಸಿ ಹಳೆಯ ಬೋರ್ಡಿಗೂ ಬಳಸಬಹುದು. ಪ್ರೊಸೆಸರಿಗೆ ಪ್ರತ್ಯೇಕವಾದ ನಾಲ್ಕು ಪಿನ್ನುಗಳ 12 ವೋಲ್ಟ್ ಕನೆಕ್ಟರನ್ನೂ ಮರೆಯಬಾರದು. ಹಳೆಯ ಐ.ಡಿ.ಇ. ಹಾರ್ಡ್ ಡಿಸ್ಕ್‌ಗಳಿಗೆ ನಾಲ್ಕು ಪಿನ್ನಿನ ದೊಡ್ಡ ಕನೆಕ್ಟರ್ ಬೇಕು, ಹೊಸ ಎಸ್.ಎಂ.ಪಿ.ಎಸ್.ಗಳಲ್ಲಿ ಇವು ಕಡಿಮೆಯಿರುವುದರಿಂದ ಎಣಿಸಿ ನೋಡಿಯೇ ಖರೀದಿಸಬೇಕು.

ದೊಡ್ಡ ಕಂಪನಿಗಳ ಕೆಲವು ಬ್ರಾಂಡೆಡ್ ಯಂತ್ರಗಳ ವಿಷಯ ಬೇರೆ. ಅವುಗಳಲ್ಲಿ ಪಿನ್ನುಗಳ ಸಂಖ್ಯೆಯೇ ಬೇರೆಯಾಗಿರಬಹುದು. ಕೆಲವು ಹಳೆಯ ಮಾದರಿಗಳಲ್ಲಿ ಕನೆಕ್ಟರ್ ನೋಡಲು ಸಾಮಾನ್ಯದಂತೆಯೇ ಇದ್ದು, ತಂತಿಗಳ ಕ್ರಮ ಮಾತ್ರ ಭಿನ್ನವಾಗಿರುತ್ತದೆ. ಅಂತಹುದಕ್ಕೆ ಪೇಟೆಯ ಸಾಮಾನ್ಯ ಎಸ್.ಎಂ.ಪಿ.ಎಸ್. ಜೋಡಿಸಿದರೆ ಬೋರ್ಡ್ ಸುಡುವುದು. ಆದ್ದರಿಂದ ಯಂತ್ರದ ಮಾದರಿ ಸಂಖ್ಯೆಗೆ ಹೊಂದುವ ಬಿಡಿಭಾಗವನ್ನೇ ಕೇಳಬೇಕು.

3. ಸಾಮರ್ಥ್ಯ: ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಮುದ್ರಿಸಿದ '450' ಎಂಬ ಅಂಕೆಯನ್ನು ನಂಬಿ ಖರೀದಿಸುವುದು, ಜಮಾಖರ್ಚಿನ ವಿವರ ನೋಡದೆ ಒಟ್ಟು ವಹಿವಾಟಿನಿಂದಲೇ ಲಾಭವನ್ನು ಅಂದಾಜಿಸಿದಂತೆ. ಲೇಬಲ್ಲಿನ ಕೋಷ್ಟಕದಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರ್ ಎಂದು ನೋಡಬೇಕು. ಅಲ್ಲಿ 14 ಆಂಪಿಯರ್ ಎಂದಿದ್ದರೆ ಆ ಸಾಲಿನಿಂದ ದೊರೆಯುವುದು 168 ವ್ಯಾಟ್ ಮಾತ್ರ. ಲೆಕ್ಕಪತ್ರದ ಸಾಧಾರಣ ಯಂತ್ರಕ್ಕೆ ಇಷ್ಟು ಬಹುಮಟ್ಟಿಗೆ ಸಾಕಾದೀತು. ಆದರೆ 450 ವ್ಯಾಟಿನ ಬೆಲೆ ಕೊಡುವ ಅಗತ್ಯವಿಲ್ಲ. ಪೆಂಟಿಯಂ-3 ಕಾಲದ ಬೋರ್ಡುಗಳು ಪ್ರೊಸೆಸರಿಗೆ 5 ವೋಲ್ಟ್ ಸಾಲನ್ನೇ ಅವಲಂಬಿಸಿದ್ದವು. ಅಂತಹ ಯಂತ್ರವಿದ್ದರೆ ಹಳೆಯ ಲೇಬಲ್ಲಿನ 5 ವೋಲ್ಟಿನ ಆಂಪಿಯರನ್ನೂ ಹೋಲಿಸಬೇಕು.

4. ಯು.ಪಿ.ಎಸ್. ಹೊಂದಾಣಿಕೆ: ಆಕ್ಟಿವ್ ಪಿ.ಎಫ್.ಸಿ. ಎಂದು ನಮೂದಿಸಿದ ಎಸ್.ಎಂ.ಪಿ.ಎಸ್.ಗಳು ಕೆಲವು ಅಗ್ಗದ ಯು.ಪಿ.ಎಸ್.ಗಳೊಡನೆ ಹೊಂದುವುದಿಲ್ಲ; ವಿದ್ಯುತ್ ಹೋದೊಡನೆ ಯಂತ್ರವೂ ಬಂದಾಗಬಹುದು. ಕೊಳ್ಳುವಾಗಲೇ ತಮ್ಮ ಯು.ಪಿ.ಎಸ್. ಯಾವುದೆಂದು ತಿಳಿಸಿ, ಬದಲಿಸಿಕೊಡುವ ಒಪ್ಪಂದ ಮಾಡಿಕೊಳ್ಳುವುದು ಒಳ್ಳೆಯದು.

ಅಳವಡಿಕೆಯ ಕ್ರಮ

ಪ್ಲಗ್ ಕಿತ್ತು, ಹಳೆಯ ಜೋಡಣೆಗಳ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಧೂಳನ್ನು ಸ್ವಚ್ಛಗೊಳಿಸಬೇಕು. ಕನೆಕ್ಟರುಗಳನ್ನು ತಂತಿ ಹಿಡಿದು ಎಳೆಯದೆ, ಕೊಂಡಿಯನ್ನು ಒತ್ತಿ ಬಿಡಿಸಬೇಕು. ಹಿಂಬದಿಯ ನಾಲ್ಕು ಸ್ಕ್ರೂಗಳನ್ನು ಬಿಚ್ಚುವಾಗ ಪೆಟ್ಟಿಗೆ ಬೋರ್ಡಿನ ಮೇಲೆ ಬೀಳದಂತೆ ಕೆಳಗಿನಿಂದ ಆಧಾರ ಕೊಡಬೇಕು. ಹೊಸ ಎಸ್.ಎಂ.ಪಿ.ಎಸ್.ಗಳ ದೊಡ್ಡ ಫ್ಯಾನ್ ಸಾಮಾನ್ಯವಾಗಿ ಕೆಳಮುಖವಾಗಿರುತ್ತದೆ. ಯಾವ ತಂತಿಯೂ ಅದಕ್ಕೆ ಸಿಲುಕದಂತೆ ಕಟ್ಟಬೇಕು. ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲಿಯೇ ಇರಬೇಕು. 115ರಲ್ಲಿಟ್ಟು ವಿದ್ಯುತ್ ಕೊಟ್ಟರೆ ಹೊಸ ಘಟಕ ತಕ್ಷಣವೇ ಸುಟ್ಟುಹೋಗಬಹುದು.

ಮುಖ್ಯವಾದ ಮಾತೊಂದಿದೆ. ಮೊದಲ ಬಾರಿ ಚಾಲೂ ಮಾಡುವಾಗ ಹಾರ್ಡ್ ಡಿಸ್ಕಿಗೆ ವಿದ್ಯುತ್ ಜೋಡಿಸಬಾರದು. ಹಾರ್ಡ್ ಡಿಸ್ಕ್ ಇಲ್ಲದೆಯೂ ಪರದೆಯ ಮೇಲೆ ಅಕ್ಷರಗಳು ಮೂಡುತ್ತವೆ. ಅಷ್ಟಾದ ಮೇಲೆ ಬಂದು ಮಾಡಿ, ಪ್ಲಗ್ ಕಿತ್ತು, ಹಾರ್ಡ್ ಡಿಸ್ಕ್ ಜೋಡಿಸಿದರೆ ಲೆಕ್ಕಪತ್ರಗಳಿಗೆ ಅಪಾಯ ಕಡಿಮೆ.

ಚಾಲೂ ಆದ ಮೇಲೆ ಮೊದಲ ಎರಡು ಕೆಲಸಗಳು

ಮೊದಲನೆಯದು ದಿನಾಂಕ. ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿ.ಆರ್. 2032 ಬ್ಯಾಟರಿ ಕ್ಷೀಣಿಸಿದ್ದರೆ, ಯಂತ್ರದ ದಿನಾಂಕ ಅದು ತಯಾರಾದ ವರ್ಷಕ್ಕೆ ಹಿಂದೆ ಸರಿದಿರುತ್ತದೆ. ಇದನ್ನು ಗಮನಿಸದೆ ಬಿಲ್ಲು ತೆಗೆದರೆ ತಪ್ಪು ದಿನಾಂಕದ ದಾಖಲೆಗಳು ನಿರ್ಮಾಣವಾಗಿ, ಲೆಕ್ಕ ತಪಾಸಣೆಯ ಕಾಲಕ್ಕೆ ತೊಡಕಾಗುತ್ತದೆ. ಆದ್ದರಿಂದ ಎಸ್.ಎಂ.ಪಿ.ಎಸ್. ಜೊತೆಗೆ ಈ ಬ್ಯಾಟರಿಯನ್ನೂ ಬದಲಿಸುವುದು ಯುಕ್ತ.

ಎರಡನೆಯದು ಬ್ಯಾಕಪ್. ಒಂದು ಹೊಸ ವೋಚರ್ ನಮೂದಿಸುವ ಮೊದಲೇ ಎಲ್ಲ ವರ್ಷಗಳ ಲೆಕ್ಕಗಳನ್ನು ಎರಡು ಪ್ರತ್ಯೇಕ ಸಾಧನಗಳಲ್ಲಿ ನಕಲು ಮಾಡಿ, ಒಂದನ್ನು ಕಚೇರಿಯ ಹೊರಗಿಡಬೇಕು. ಜಿ.ಎಸ್.ಟಿ. ಕಾಯಿದೆಯ 36ನೆಯ ಕಲಮಿನ ಪ್ರಕಾರ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. 2022-23ರ ವಾರ್ಷಿಕ ರಿಟರ್ನಿನ ಕೊನೆಯ ದಿನ 2023ರ ಡಿಸೆಂಬರ್ 31 ಆಗಿದ್ದುದರಿಂದ, ಆ ವರ್ಷದ ಲೆಕ್ಕಗಳು 2029ರ ಡಿಸೆಂಬರ್ 31ರವರೆಗೆ ಇರಲೇಬೇಕು. ಮೇಲ್ಮನವಿ ಬಾಕಿಯಿದ್ದರೆ ಈ ಅವಧಿ ಇನ್ನೂ ಬೆಳೆಯಬಹುದು. ಕಂಪನಿಗಳು ಎಂಟು ಹಣಕಾಸು ವರ್ಷಗಳ ಲೆಕ್ಕಗಳನ್ನು ಇಡಬೇಕಾಗುತ್ತದೆ. ಅಧಿಕಾರಿಗಳ ಮುಂದೆ ‘ಯಂತ್ರ ಕೆಟ್ಟಿತ್ತು’ ಎಂಬ ಸಬೂಬು ನಿಲ್ಲುವುದಿಲ್ಲ.

ಲೆಕ್ಕಪತ್ರದಲ್ಲಿ ತೋರಿಸುವ ಬಗೆ

ಎಸ್.ಎಂ.ಪಿ.ಎಸ್. ಬೆಲೆಯನ್ನು ಗಣಕಯಂತ್ರದ ಆಸ್ತಿ ಖಾತೆಗೆ ಸೇರಿಸಬೇಕೆ, ದುರಸ್ತಿ ಖರ್ಚಿಗೆ ಹಾಕಬೇಕೆ ಎಂಬ ಪ್ರಶ್ನೆ ಸಾಮಾನ್ಯ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ, ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ಉಂಟುಮಾಡುವ ವೆಚ್ಚ ಹಾಗಲ್ಲವೆಂದು ವಿವರಿಸಿದೆ. ಅಲ್ಲಿ ಇಡೀ ಯಂತ್ರವನ್ನೇ ಬದಲಿಸಿದ್ದರಿಂದ ವಿನಾಯಿತಿ ದೊರೆಯಲಿಲ್ಲ. ಎಸ್.ಎಂ.ಪಿ.ಎಸ್. ತಾನಾಗಿ ದುಡಿಯುವ ಯಂತ್ರವಲ್ಲ. ಯಂತ್ರದ ಒಂದು ಭಾಗ. ಆದ್ದರಿಂದ ಅದರ ಬದಲಾವಣೆ ದುರಸ್ತಿ ಖರ್ಚೇ ಆಗುತ್ತದೆ. ಕ್ಯಾಬಿನೆಟ್, ಬೋರ್ಡ್, ಪ್ರೊಸೆಸರ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಅದು ಹೊಸ ಆಸ್ತಿಯೆನಿಸಿ, ಶೇ. 40ರ ಸವಕಳಿ ಮಾತ್ರ ದೊರೆಯುತ್ತದೆ. ಅಂದಾಜು ಆದಾಯದ ಯೋಜನೆಯಡಿ ತೆರಿಗೆ ಕಟ್ಟುವವರಿಗೆ ಇಂತಹ ಪ್ರತ್ಯೇಕ ಕಡಿತವಿಲ್ಲ.

ಉದಾಹರಣೆಗೆ, 2,000 ರೂಪಾಯಿಯ ಎಸ್.ಎಂ.ಪಿ.ಎಸ್.ಗೆ ಶೇ. 18ರ ಜಿ.ಎಸ್.ಟಿ. ಸೇರಿ 2,360 ರೂಪಾಯಿ ಬಿಲ್ಲಾದರೆ, ದುರಸ್ತಿ ಖಾತೆಗೆ 2,000, ಸಿ.ಜಿ.ಎಸ್.ಟಿ. ಹಾಗೂ ಎಸ್.ಜಿ.ಎಸ್.ಟಿ. ಹೂಡುವಳಿ ಖಾತೆಗಳಿಗೆ ತಲಾ 180 ಖರ್ಚು ಹಾಕಬೇಕು. ಬಿಲ್ಲಿನಲ್ಲಿ ತಮ್ಮ ಜಿ.ಎಸ್.ಟಿ. ಸಂಖ್ಯೆ ನಮೂದಾಗಿರಬೇಕು. ಕಾಂಪೋಸಿಷನ್ ವರ್ತಕರಿಗೆ ಹೂಡುವಳಿ ತೆರಿಗೆಯ ಸೌಲಭ್ಯವಿಲ್ಲವಾದ್ದರಿಂದ ಪೂರ್ಣ 2,360 ರೂಪಾಯಿಯೂ ಖರ್ಚೇ. ಬಿಲ್ಲಿಲ್ಲದೆ ಅಗ್ಗವಾಗಿ ಕೊಂಡವರಿಗೆ ಹೂಡುವಳಿಯೂ ಇಲ್ಲ, ವಾರಂಟಿಯೂ ಇಲ್ಲ.

ದುರಸ್ತಿಯೋ, ನಿವೃತ್ತಿಯೋ?

ಹಳೆಯ ಯಂತ್ರ ಮತ್ತೆ ಚಾಲೂ ಆಯಿತೆಂದ ಮಾತ್ರಕ್ಕೆ ಎಲ್ಲ ಕೆಲಸಕ್ಕೂ ಅದನ್ನೇ ಬಳಸಬಾರದು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದಿದೆ. ಅಂತಹ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಹಾಗೂ ಜಿ.ಎಸ್.ಟಿ. ರಿಟರ್ನ್ ಸಲ್ಲಿಕೆ ಕ್ಷೇಮಕರವಲ್ಲ. ಕಂಪನಿಗಳು 2023ರ ಏಪ್ರಿಲ್ 1ರಿಂದ, ಪ್ರತಿ ತಿದ್ದುಪಡಿಯ ಜಾಡನ್ನು ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕಾಗಿದೆ. ಹಳೆಯ ತಂತ್ರಾಂಶಗಳಲ್ಲಿ ಈ ವ್ಯವಸ್ಥೆ ಇರುವುದಿಲ್ಲ. ವೇಬ್ರಿಜ್ ಅಥವಾ ಹಿಂದಿನ ವರ್ಷಗಳ ಲೆಕ್ಕಗಳಿಗಾಗಿ ಹಳೆಯ ಯಂತ್ರವನ್ನು ಅಂತರ್ಜಾಲದ ಸಂಪರ್ಕವಿಲ್ಲದೆ ಉಳಿಸಿಕೊಂಡು, ಚಾಲ್ತಿ ವರ್ಷದ ಕೆಲಸಕ್ಕೆ ಬೇರೆ ಯಂತ್ರವನ್ನು ಬಳಸುವುದು ಸೂಕ್ತ ಮಾರ್ಗ.

ಕೆಟ್ಟ ಎಸ್.ಎಂ.ಪಿ.ಎಸ್.ಅನ್ನು ಗುಜರಿಗೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳನ್ವಯ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.

ಕೊನೆಯದಾಗಿ, ಕೆಟ್ಟ ಎಸ್.ಎಂ.ಪಿ.ಎಸ್. ಬದಲಿಸುವ ಖರ್ಚು ಕೆಲವೇ ಸಾವಿರ ರೂಪಾಯಿ. ಕಳೆದುಹೋದ ಲೆಕ್ಕವನ್ನು ಮತ್ತೆ ಬರೆಯುವ ಖರ್ಚಿಗೆ ಮಿತಿಯಿಲ್ಲ. ಯಂತ್ರ ಸುಸ್ಥಿತಿಯಲ್ಲಿರುವಾಗಲೇ, ಪ್ರತಿ ತಿಂಗಳ ರಿಟರ್ನ್ ಸಲ್ಲಿಸಿದ ದಿನವೇ ಬ್ಯಾಕಪ್ ತೆಗೆಯುವ ಪದ್ಧತಿಯನ್ನು ವರ್ತಕರೂ ಉದ್ದಿಮೆದಾರರೂ ರೂಢಿಸಿಕೊಳ್ಳಬೇಕೆಂದು ವಿನಂತಿ.