ಎಲೆಯಿಂದ ಬುಡಕ್ಕೆ: ಕಂಪ್ಯೂಟರಿನ ಮರ ಕಡಿಯುವ ಬಗೆ

ಮರ ಕಡಿಯುವವನು ಬುಡಕ್ಕೇ ಕೊಡಲಿ ಹಾಕುತ್ತಾನೆ. ಆದರೆ ಕಂಪ್ಯೂಟರಿನೊಳಗಿನ ಮರವನ್ನು ಎಲೆಯಿಂದಲೇ ಕಡಿಯುತ್ತ ಬರಬೇಕು! ಒಂದು ಡೈರೆಕ್ಟರಿ, ಅಂದರೆ ಫೋಲ್ಡರ್. ಅದರೊಳಗೆ ಹಲವು ಫೋಲ್ಡರ್‌ಗಳು. ಅವುಗಳ ತುದಿಯಲ್ಲಿ ಫೈಲುಗಳು. ಈ ಕವಲುಗಳ ಜಾಲವೇ 'ಡೈರೆಕ್ಟರಿ ಟ್ರೀ'.

ಬುಡವನ್ನೇ ಏಕೆ ಕಡಿಯಬಾರದು? ಡೈರೆಕ್ಟರಿ ಎಂಬುದು ಪುಸ್ತಕದ ಪರಿವಿಡಿಯಿದ್ದಂತೆ. ಯಾವ ಫೈಲು ಡಿಸ್ಕಿನಲ್ಲಿ ಎಲ್ಲಿದೆ ಎಂದು ತಿಳಿಯುವುದು ಅದರ ಮೂಲಕವೇ. ಅದನ್ನು ಮೊದಲೇ ಹರಿದು ಹಾಕಿದರೆ ಒಳಗಿನ ಫೈಲುಗಳಿಗೆ ದಾರಿ ತಪ್ಪುತ್ತದೆ. ಅವು ಹಿಡಿದಿದ್ದ ಜಾಗವೂ ಖಾಲಿಯಾಗುವುದಿಲ್ಲ. ಆದ್ದರಿಂದಲೇ ಯುನಿಕ್ಸ್‌ನ 'ಆರ್‌ಎಂಡಿರ್' ಆದೇಶ, ಒಳಗೆ ಏನಾದರೂ ಇರುವ ಡೈರೆಕ್ಟರಿಯನ್ನು ಅಳಿಸಲು ಒಪ್ಪುವುದಿಲ್ಲ. ಡಾಸ್ ಬಳಸುವವರಿಗೆ ಇಡೀ ಮರವನ್ನು ಒಂದೇ ಆದೇಶದಲ್ಲಿ ಅಳಿಸುವ 'ಡೆಲ್‌ಟ್ರೀ' ದೊರೆತದ್ದು 1993ರಲ್ಲಿ.

ಇಂಥ ಪ್ರೋಗ್ರಾಮಿನ ತಿರುಳು ಸರಳ. 'ಒಳಗೆ ಹೋಗು. ಫೈಲು ಸಿಕ್ಕರೆ ಅಳಿಸು. ಡೈರೆಕ್ಟರಿ ಸಿಕ್ಕರೆ ಅಲ್ಲಿಯೂ ಇದೇ ಕೆಲಸ ಮಾಡು. ಖಾಲಿಯಾದ ಮೇಲೆ ಅದನ್ನೂ ಅಳಿಸಿ ಹೊರಗೆ ಬಾ.' ತನ್ನನ್ನು ತಾನೇ ಮತ್ತೆ ಮತ್ತೆ ಕರೆದುಕೊಳ್ಳುವ ಈ ಕ್ರಮಕ್ಕೆ ರಿಕರ್ಷನ್ ಎಂದು ಹೆಸರು. ಒಂದು ಎಚ್ಚರ ಅಗತ್ಯ: ಬೇರೆಡೆಗೆ ದಾರಿ ತೋರುವ 'ಲಿಂಕ್' ಎದುರಾದರೆ ಲಿಂಕನ್ನಷ್ಟೇ ಅಳಿಸಬೇಕು. ಅದರ ಬೆನ್ನು ಹತ್ತಿದರೆ ಪಕ್ಕದ ತೋಟದ ಮರವೂ ಉರುಳೀತು!

ಸಾಮಾನ್ಯವಾಗಿ ಅಳಿಸುವುದೆಂದರೆ ಹೆಸರು ಕಿತ್ತು, ಜಾಗ ಖಾಲಿಯಿದೆ ಎಂದು ಗುರುತು ಹಾಕುವುದಷ್ಟೇ. ಹೀಗಾಗಿ ಒಂದು ದೊಡ್ಡ ಸಿನಿಮಾ ಫೈಲು ಕ್ಷಣದಲ್ಲಿ ಮಾಯವಾದರೆ, ಲಕ್ಷ ಪುಟ್ಟ ಫೈಲುಗಳಿಗೆ ಬಹಳ ಹೊತ್ತು ಬೇಕು. ಇದಕ್ಕೆ ಜಾಣರು ಕಂಡುಕೊಂಡ ಉಪಾಯವಿದೆ. ಇಡೀ ಮರದ ಹೆಸರು ಬದಲಿಸಿ, ಅದೇ ಡಿಸ್ಕಿನಲ್ಲಿ ಪಕ್ಕಕ್ಕೆ ಸರಿಸುವುದು. ಬದಲಾಗುವುದು ಬುಡದ ಒಂದು ಹೆಸರು ಮಾತ್ರ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ನಿಜವಾದ ಅಳಿಸುವಿಕೆ ಹಿನ್ನೆಲೆಯಲ್ಲಿ ನಿಧಾನವಾಗಿ ನಡೆಯಲಿ. ತಪ್ಪಾಗಿದೆ ಎಂದು ಆ ಮೊದಲೇ ತಿಳಿದರೆ ಹಳೆಯ ಹೆಸರನ್ನು ಮರಳಿ ಕೊಟ್ಟರಾಯಿತು.

ಈ ಅವಕಾಶದ ಬೆಲೆ ಎಷ್ಟೆಂಬುದಕ್ಕೆ ಅಮೆರಿಕದ ಪಿಕ್ಸರ್ ಸ್ಟುಡಿಯೋದ ಪ್ರಸಂಗವೇ ಸಾಕ್ಷಿ. 1998ರಲ್ಲಿ ಅಲ್ಲಿ 'ಟಾಯ್ ಸ್ಟೋರಿ 2' ತಯಾರಾಗುತ್ತಿತ್ತು. ಯಾರೋ ತಪ್ಪು ಜಾಗದಲ್ಲಿ ಕೊಟ್ಟ 'ಆರ್‌ಎಂ' ಆದೇಶ ಚಿತ್ರದ ಫೈಲುಗಳನ್ನು ಒಂದೊಂದಾಗಿ ನುಂಗತೊಡಗಿತು. ಗಾಬರಿಯಾದ ತಂತ್ರಜ್ಞರು ಯಂತ್ರದ ವಿದ್ಯುತ್ತನ್ನೇ ತೆಗೆಸಿದರು. ಅಷ್ಟರಲ್ಲಿ ಸುಮಾರು ಶೇಕಡ 90ರಷ್ಟು ಹೋಗಿತ್ತು. ಬ್ಯಾಕಪ್ ಪ್ರತಿ ನೋಡಿದರೆ ಅದೂ ಸರಿಯಿರಲಿಲ್ಲ! ಕೊನೆಗೆ ನೆರವಾದದ್ದು, ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ. ಚಿತ್ರ 1999ರಲ್ಲಿ ತೆರೆ ಕಂಡಿತು.

ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ಮಕ್ಕಳು ಅಳಿಸುವ ಪ್ರೋಗ್ರಾಮು ಬರೆಯಲಿ, ಕಲಿಯಲಿ. ಆದರೆ ಮೊದಲ ಪ್ರಯೋಗ ಖಾಲಿ ಫೈಲುಗಳ ಮೇಲಿರಲಿ. ಮನೆಯ ಫೋಟೋಗಳ ಪ್ರತಿ ಬೇರೊಂದು ಡಿಸ್ಕಿನಲ್ಲಿದೆಯೇ, ಅದು ತೆರೆಯುತ್ತದೆಯೇ ಎಂದು ತಂದೆತಾಯಿಗಳು ಇಂದೇ ನೋಡಿಕೊಳ್ಳುವುದು ಒಳ್ಳೆಯದು.